ಜೀರ್ಣೋದ್ಧಾರವೋ, ಪ್ರತಿನಿಧಿಯೋ?

ಹಳೆಯ ಮೋಟಾರು ಗಾಡಿಯ ಎಂಜಿನು ಸವೆದುಹೋದಾಗ ಅದರ ಯಜಮಾನನ ಮುಂದೆ ಎರಡು ದಾರಿಗಳು ಕಾಣುತ್ತವೆ. ಅದೇ ಎಂಜಿನನ್ನು ಬಿಚ್ಚಿ, ಸವೆದುದನ್ನು ಸರಿಪಡಿಸಿ, ಮರಳಿ ಜೋಡಿಸುವುದು ಒಂದು. ಅದನ್ನು ತೆಗೆದಿಟ್ಟು ಈಚಿನ ಕಾಲದ ಬೇರೊಂದು ಎಂಜಿನನ್ನು ಆ ಸ್ಥಾನದಲ್ಲಿ ಕೂರಿಸುವುದು ಇನ್ನೊಂದು. ಇದು ಮಿಸ್ತ್ರಿಗಳು ತೀರ್ಮಾನಿಸತಕ್ಕ ವಿಷಯ, ಸಾಹಿತ್ಯಪತ್ರಿಕೆಯಲ್ಲಿ ಇದಕ್ಕೇನು ಕೆಲಸವೆಂದು ವಾಚಕರು ಹುಬ್ಬೇರಿಸಬಹುದು. ಆದರೆ ಒಂದು ವಸ್ತುವಿನ ಭಾಗಗಳು ಬದಲಾದ ಮೇಲೂ ಅದನ್ನು "ಅದೇ" ಎನ್ನಬಹುದೆ, ಇಲ್ಲದ ವಸ್ತುವಿನ ಸ್ಥಾನದಲ್ಲಿ ಇನ್ನೊಂದನ್ನು ಯಾವಾಗ ಇಡಬಹುದು ಎಂಬ ಪ್ರಶ್ನೆಗಳು ಮೋಟಾರು ಹುಟ್ಟುವುದಕ್ಕೆ ಬಹಳ ಮೊದಲೇ ನಮ್ಮ ತಾರ್ಕಿಕರನ್ನೂ ಮೀಮಾಂಸಕರನ್ನೂ ಕಾಡಿದವು. ನನ್ನಲ್ಲಿ ಓದಿದ ಇಬ್ಬರು ಅಣ್ಣತಮ್ಮಂದಿರ ನಡುವೆ ಈಚೆಗೆ ಇದೇ ಪ್ರಶ್ನೆ ಜಗಳವಾಗಿ ಪರಿಣಮಿಸಿತಾದುದರಿಂದ ಸ್ವಲ್ಪ ವಿಚಾರಿಸಬೇಕೆನಿಸಿತು.

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿರುವ ನಮ್ಮ ಹಗರೆಯಲ್ಲಿ ಅಂಬಾಸಡರ್ ಬಾಡಿಗೆ ಗಾಡಿಗಳು ಯಾತ್ರಿಕರನ್ನು ಹೊತ್ತು ಓಡಾಡಿದುದನ್ನು ಕಂಡವರು ಅನೇಕರಿದ್ದಾರೆ. ಈ ಹುಡುಗರ ತಂದೆ ಅಂಥದೊಂದು ಗಾಡಿಯಿಂದಲೇ ಸಂಸಾರ ಸಾಗಿಸಿದವರು. 1970ರ ದಶಕದ ಗಾಡಿ, ಪೆಟ್ರೋಲು ಎಂಜಿನು. ಅವರು ಕಾಲವಾದ ಮೇಲೆ ಗಾಡಿ ಎಣ್ಣೆ ಕುಡಿಯತೊಡಗಿತು, ಹಿಂದಿನಿಂದ ನೀಲಿ ಹೊಗೆ ಹೊರಟಿತು. ಹಿರಿಯನು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. "ಅಪ್ಪನ ಕೈಯಾಡಿದ ಎಂಜಿನು, ಅದನ್ನು ಎಸೆಯಕೂಡದು" ಎಂಬುದು ಅವನ ಹಟ. ಕಿರಿಯನು ತಾಯಿಯೊಡನೆ ಊರಿನಲ್ಲಿದ್ದು ದಿನವೂ ಹಾಸನಕ್ಕೆ ಹೋಗಿಬರತಕ್ಕವನು. "ಗಾಡಿ ಓಡಬೇಕು, ದಾರಿಯಲ್ಲಿ ನಿಲ್ಲಬಾರದು, ಬೇರೆ ಎಂಜಿನು ಹಾಕಿಸೋಣ" ಎಂದು ಅವನ ವಾದ. ಮಾತಿಗೆ ಮಾತು ಬೆಳೆದು, ಒಂದು ಹಬ್ಬಕ್ಕೆ ಹಿರಿಯನು ಊರಿಗೇ ಬರಲಿಲ್ಲ. ಆಗ ತಾಯಿ ಕಿರಿಯನನ್ನು ನನ್ನಲ್ಲಿಗೆ ಕಳುಹಿದರು. "ಮೇಷ್ಟ್ರೇ, ನಿಮ್ಮ ಶಾಸ್ತ್ರದಲ್ಲಿ ಇದಕ್ಕೆ ಏನಾದರೂ ಹೇಳಿದ್ದಾರೆಯೇ?" ಎಂದು ಅವನು ಕೇಳಿದ. ಹಾಸ್ಯಕ್ಕೆ ಕೇಳಿದನೋ ಏನೋ. ನಾನು ಹಾಸ್ಯವೆಂದು ತಿಳಿಯಲಿಲ್ಲ.

ಮೊದಲು ಜೀರ್ಣೋದ್ಧಾರವೆಂದರೇನೆಂದು ನೋಡುವ. ಪಿಸ್ಟನ್ನು ಲಕ್ಷಾಂತರ ಸಲ ಮೇಲೆ ಕೆಳಗೆ ಆಡಿ ಆಡಿ ಸಿಲಿಂಡರಿನ ಒಳಗೋಡೆ ಸವೆದು ದುಂಡುತನವನ್ನು ಕಳೆದುಕೊಳ್ಳುತ್ತದೆ. ಆ ಸಂದಿನಲ್ಲಿ ಎಣ್ಣೆ ಮೇಲೇರಿ ಉರಿಯುವುದೇ ನೀಲಿ ಹೊಗೆ. ಲೇತಿನವರು ಒಳಗೋಡೆಯನ್ನು ಕೊರೆದು ಮತ್ತೆ ದುಂಡಾಗಿಸಿ, ಹಿಗ್ಗಿದ ಅಳತೆಗೆ ತಕ್ಕ ದಪ್ಪನೆಯ ಪಿಸ್ಟನ್ನುಗಳನ್ನು ಹಾಕುತ್ತಾರೆ. ಇದಕ್ಕೆ ಬೋರು ಮಾಡಿಸುವುದೆಂದು ಹೆಸರು. ಅಂಗುಲವನ್ನು ಸಾವಿರ ಪಾಲು ಮಾಡಿ ಅದರಲ್ಲಿ 20, 40, 60 ಪಾಲುಗಳಷ್ಟು ದೊಡ್ಡ ಪಿಸ್ಟನ್ನುಗಳು ದೊರೆಯುವುದುಂಟು. ಕ್ರ್ಯಾಂಕಿನದು ಇದಕ್ಕೆ ವಿಲೋಮ: ಅದನ್ನು ಸಾಣೆ ಹಿಡಿದು ತೆಳ್ಳಗೆ ಮಾಡಿ ದಪ್ಪನೆಯ ಬೇರಿಂಗು ಕೂರಿಸುತ್ತಾರೆ. ಆದುದರಿಂದ ಉದ್ಧಾರವೆಂಬುದೂ ಒಂದು ಬಗೆಯ ಕ್ಷಯವೇ. ಪ್ರತಿಯೊಂದು ಸಲವೂ ಮೂಲ ಕಬ್ಬಿಣ ಅಷ್ಟಷ್ಟು ಕಡಿಮೆಯಾಗುತ್ತದೆ. ಕೊರೆಯುವುದಕ್ಕೆ ಇನ್ನೆಡೆಯಿಲ್ಲವಾದಾಗ ಲೈನರೆಂಬ ಹೊಸ ಕೊಳವೆಯನ್ನು ಒಳಗೆ ಇಳಿಸಬೇಕು. ಆಗ ಪಿಸ್ಟನ್ನು ಹೊಸದು, ಅದು ಉಜ್ಜುವ ಗೋಡೆ ಹೊಸದು, ಬೇರಿಂಗು ಹೊಸದು. ಹಳೆಯದಾಗಿ ಉಳಿದುದೇನೆಂದು ಕಿರಿಯನು ಕೇಳಿದರೆ ತಪ್ಪೆನ್ನುವುದು ಹೇಗೆ?

ತಾರ್ಕಿಕರು ಇಲ್ಲಿ ಬಹಳ ನಿಷ್ಠುರರು. ಬಟ್ಟೆಯಿಂದ ಒಂದು ನೂಲನ್ನು ಸೆಳೆದರೆ ಹಳೆಯ ಬಟ್ಟೆ ನಾಶವಾಯಿತು, ಈಗಿರುವುದು ಖಂಡಪಟವೆಂಬ ಬೇರೊಂದು ಬಟ್ಟೆ ಎನ್ನುವವರು ಅವರು. ಮತ್ತೆ, ಹಸಿಯ ಮಡಕೆ ಆವಿಗೆಯಲ್ಲಿ ಪರಮಾಣುಗಳವರೆಗೆ ಬಿಚ್ಚಿಕೊಂಡು, ಕೆಂಪೇರಿ, ಪುನಃ ಕೂಡಿ ಹೊಸ ಮಡಕೆಯೇ ಹುಟ್ಟುತ್ತದೆಂದು ವೈಶೇಷಿಕರು. ಮಡಕೆ ಮಡಕೆಯಾಗಿಯೇ ಉಳಿದು ಬಣ್ಣವಷ್ಟೇ ಮಾರ್ಪಡುತ್ತದೆಂದು ನೈಯಾಯಿಕರು. ಗ್ಯಾರೇಜಿನ ನೆಲದಲ್ಲಿ ಗೋಣಿತಟ್ಟಿನ ಮೇಲೆ ಎಂಜಿನಿನ ಅಂಗಾಂಗಗಳು ಬಿಡಿಬಿಡಿಯಾಗಿ ಹರಡಿರುವುದನ್ನು ನೋಡಿದವರಿಗೆ ವೈಶೇಷಿಕರ ಪಕ್ಷ ಅಷ್ಟೇನೂ ವಿಚಿತ್ರವಾಗಿ ತೋರದು. ಬೌದ್ಧ ಭಿಕ್ಷು ನಾಗಸೇನನು ಮಿಲಿಂದರಾಜನ ರಥವನ್ನೇ ತೋರಿಸಿ, ಗಾಲಿ ರಥವೆ, ಅಚ್ಚು ರಥವೆ ಎಂದು ಒಂದೊಂದಾಗಿ ಕೇಳಿ, ರಥವೆಂಬುದು ಇವುಗಳ ಕೂಟಕ್ಕೆ ಇಟ್ಟ ಹೆಸರು ಮಾತ್ರವೆಂದು ಒಪ್ಪಿಸಿದ ಕಥೆ ಪ್ರಸಿದ್ಧವಾಗಿಯೇ ಇದೆ. ಇವರೆಲ್ಲರೂ ಚತುರರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇವರ ಮಾತು ಕೇಳಿಕೊಂಡು ಹೋದರೆ ಎರಡು ದಾರಿಗಳೂ ಒಂದೇ ಆಗಿಬಿಡುತ್ತವೆ. ಬೋರು ಮಾಡಿಸಿದರೂ ಹಳೆಯದು ಹೋಯಿತು, ಬದಲಿಸಿದರೂ ಹೋಯಿತು.

ಲೋಕವ್ಯವಹಾರ ಹಾಗಿಲ್ಲವಷ್ಟೆ. ನಮ್ಮ ಬೇಲೂರಿನ ಗುಡಿಯನ್ನೇ ತೆಗೆದುಕೊಳ್ಳಿ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ್ದು. ಅದರ ಮಹಾದ್ವಾರ ಹಾಳಾಗಿ, 1397ರಲ್ಲಿ ಇಮ್ಮಡಿ ಹರಿಹರನ ದಂಡನಾಯಕ ಗುಂಡನು ಗೋಪುರವನ್ನು ಹೊಸದಾಗಿ ಕಟ್ಟಿಸಿದ. ಬಳಪದ ಕಲ್ಲಿನ ಗುಡಿಯೊಳಕ್ಕೆ ಮುಂದಿನ ಕಾಲದವರು ಕಣಶಿಲೆಯ ಕಂಬಗಳನ್ನು ಆಸರೆಗೆ ನಿಲ್ಲಿಸಿದರು. ಗರ್ಭಗುಡಿಯ ಮೇಲಿನ ಶಿಖರವನ್ನು, ಭಾರ ತಡೆಯದೆಂದು, 1879ರಲ್ಲಿ ಬಿಚ್ಚಿ ತೆಗೆದರು. ಅದು ಮರಳಿ ಏರಲೇ ಇಲ್ಲ. ಇಷ್ಟಾದರೂ ಇದು ವಿಷ್ಣುವರ್ಧನನ ಗುಡಿಯಲ್ಲವೆಂದು ಯಾರೂ ಹೇಳುವುದಿಲ್ಲ. ಕಲ್ಲು ಬದಲಾಯಿತು, ಕಲ್ಲು ಹೋಯಿತು. ಯಾವುದಕ್ಕಾಗಿ ಕಲ್ಲನ್ನು ಜೋಡಿಸಿದರೋ ಆ ಚೆನ್ನಿಗರಾಯನು ಒಳಗಿದ್ದಾನೆ.

ಈ ಎಳೆಯನ್ನು ಹಿಡಿದು ಹೋದರೆ ನಾವು ಮೀಮಾಂಸಕರ ಬಳಿ ನಿಲ್ಲುತ್ತೇವೆ. ಜೈಮಿನಿಯ ಆರನೆಯ ಅಧ್ಯಾಯದಲ್ಲಿ ಪ್ರತಿನಿಧಿಯ ವಿಚಾರವಿದೆ. ಯಾಗಕ್ಕೆ ವಿಧಿಸಿದ ವ್ರೀಹಿ ಕೆಟ್ಟುಹೋದರೆ ಅಥವಾ ದೊರೆಯದಿದ್ದರೆ ಕೆಲಸವನ್ನು ನಿಲ್ಲಿಸಬೇಕಾಗಿಲ್ಲ. ಅದನ್ನು ಹೋಲುವ ನೀವಾರವನ್ನು ಬಳಸಬಹುದು. ಸೋಮಲತೆಯಿಲ್ಲದಿದ್ದರೆ ಪೂತೀಕ. ಮನಸ್ಸಿಗೆ ಬಂದುದಲ್ಲ, ಸದೃಶವಾದುದೇ ಆಗಬೇಕು. ಏಕೆಂದರೆ ಮೂಲದ ಅಂಶಗಳು ಕೆಲವಾದರೂ ಅದರಲ್ಲಿ ದೊರೆಯುತ್ತವೆ. ಆದರೆ ದೇವತೆಗೆ ಪ್ರತಿನಿಧಿಯಿಲ್ಲ, ಅಗ್ನಿಗಿಲ್ಲ, ಮಂತ್ರಕ್ಕಿಲ್ಲ, ಕ್ರಿಯೆಗಿಲ್ಲ. ಫಲವನ್ನು ಬಯಸಿ ದ್ರವ್ಯವನ್ನು ತ್ಯಾಗಮಾಡುವ ಯಜಮಾನನಿಗೂ ಸಾಮಾನ್ಯವಾಗಿ ಇಲ್ಲ. ಇಷ್ಟು ಸೂಕ್ಷ್ಮವಾದ ವಿವೇಕವನ್ನು ಅಕ್ಕಿಯ ವಿಷಯದಲ್ಲಿ ಮಾಡಿಟ್ಟ ಹಿರಿಯರು ಕಬ್ಬಿಣದ ವಿಷಯಕ್ಕೂ ಒದಗುತ್ತಾರೆಂದೇ ನನ್ನ ನಂಬಿಕೆ.

ಹಾಗೆ ನೋಡಿದರೆ ಅಣ್ಣತಮ್ಮಂದಿರ ಜಗಳ ಎಂಜಿನಿನದೇ ಅಲ್ಲ. ಕಿರಿಯನಿಗೆ ಪ್ರಯಾಣವೇ ಕರ್ಮ; ಎಂಜಿನು ಅದಕ್ಕೆ ದ್ರವ್ಯ, ವ್ರೀಹಿಯಂತೆ. ಹಿರಿಯನಿಗೆ ಪಿತೃಸ್ಮರಣೆಯೇ ಕರ್ಮ. ಎಂಜಿನು ಅಲ್ಲಿ ದೇವತೆಯ ಸ್ಥಾನಕ್ಕೆ ಬಂದುಬಿಟ್ಟಿದೆ. ಒಂದೇ ಕಬ್ಬಿಣ ಎರಡು ಸಂಕಲ್ಪಗಳಲ್ಲಿ ಎರಡು ವಸ್ತುವಾಗಿದೆ. ಗಾಡಿಯನ್ನು ಮಾಡಿದವರ ಸಂಕಲ್ಪವೇನು ಎಂದು ಕೇಳಿದರೆ ಅವರು ಕಿರಿಯನ ಕಡೆಯವರೆಂದೇ ಹೇಳಬೇಕು. ಹಿಂದೂಸ್ತಾನ್ ಮೋಟರ್ಸಿನವರು ಆ ಗಾಡಿಗೆ ಬಹುಕಾಲ ಇಂಗ್ಲೆಂಡಿನ ಮಾದರಿಯ 1489 ಘನ ಸೆಂಟಿಮೀಟರಿನ ಎಂಜಿನು ಹಾಕಿ, 1990ರ ದಶಕದಲ್ಲಿ ಜಪಾನಿನ ಇಸುಜು ಎಂಜಿನು ಕೂರಿಸಿದರು. ಹೆಸರು ಮಾತ್ರ ಅಂಬಾಸಡರೇ. 2014ರಲ್ಲಿ ತಯಾರಿಕೆಯೇ ನಿಂತಿತು.

ಸರ್ಕಾರದವರೂ ತಿಳಿದೋ ತಿಳಿಯದೆಯೋ ಈ ಎರಡು ಸಂಕಲ್ಪಗಳನ್ನು ಬೇರ್ಪಡಿಸಿದ್ದಾರೆ. 2021ರ ನಿಯಮದ ಪ್ರಕಾರ, 50 ವರ್ಷ ಮೀರಿ, ಚಾಸಿಸು, ಹೊರಮೈ, ಎಂಜಿನುಗಳಲ್ಲಿ ಗಣನೀಯ ಮಾರ್ಪಾಟಿಲ್ಲದೆ ಮೂಲರೂಪದಲ್ಲಿರುವ ಗಾಡಿಯನ್ನು ಪುರಾತನ ವಾಹನವೆಂದು ನೋಂದಾಯಿಸಬಹುದು; ಆದರೆ ಅದನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸಕೂಡದು. ಸ್ಮಾರಕವಾದರೆ ಸ್ಮಾರಕವಾಗಿಯೇ ಇರಲಿ ಎಂದರ್ಥ. ಧರ್ಮಸ್ಥಳದಲ್ಲಿ ಹೆಗ್ಗಡೆಯವರು ಕೂಡಿಟ್ಟಿರುವ ಹಳೆಯ ಕಾರುಗಳನ್ನು ನೋಡಿದವರಿಗೆ ಇದರ ಔಚಿತ್ಯ ತಿಳಿಯುತ್ತದೆ. ಇನ್ನೊಂದು ಕಡೆ, 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಮನಸ್ವೀ ಬದಲಾವಣೆಯನ್ನು ತಡೆಯುತ್ತದೆ. ನೋಂದಣಿಪತ್ರದಲ್ಲಿ ಎಂಜಿನಿನ ಸಂಖ್ಯೆ ಬರೆದಿರುವುದು ಸುಮ್ಮನೆ ಅಲ್ಲ. ಬೇರೆ ಎಂಜಿನನ್ನು ಹಾಕಿ, ಅಧಿಕಾರಿಗೆ ತಿಳಿಸದೆ, ಮುಂದೆ ಕೊಳ್ಳುವವನಿಗೆ "ಎಲ್ಲವೂ ಮೂಲದ್ದೇ" ಎನ್ನುವುದುಂಟು. ಮೀಮಾಂಸಕನು ನೀವಾರವನ್ನು ಪ್ರತಿನಿಧಿಯೆಂದು ತಿಳಿದೇ ಇಡುತ್ತಾನೆ. ವ್ರೀಹಿಯೆಂದು ಸುಳ್ಳು ಹೇಳಿ ಇಡುವುದಿಲ್ಲ.

ಕಿರಿಯನಿಗೆ ನಾನು ಹೇಳಿದ್ದು ಇಷ್ಟು. ಕಣಜದಲ್ಲಿ ವ್ರೀಹಿಯಿರುವಾಗ ಸುಲಭವೆಂದು ನೀವಾರಕ್ಕೆ ಕೈಹಾಕಲು ವಿಧಿಯಿಲ್ಲ. ಆದುದರಿಂದ ಮೊದಲು ನಿನ್ನ ಎಂಜಿನು ನಿಜವಾಗಿ ತೀರಿಹೋಗಿದೆಯೆ ಎಂದು ಅಳೆಸು. ಎಷ್ಟು ಸಲ ಬೋರು ಆಗಿದೆ, ಇನ್ನೆಷ್ಟು ಎಡೆಯಿದೆ, ಲೈನರು ತಾಳೀತೆ ಎಂಬುದನ್ನು ಲೇತಿನವರು ಹೇಳಲಿ. ಎಡೆಯಿದ್ದರೆ ಜೀರ್ಣೋದ್ಧಾರವೇ ಸರಿ. ಹೊಗೆ ನಿಂತರೆ ಹಿಂದೆ ಬರುವವರಿಗೂ ಉಪಕಾರ. ಇಲ್ಲದಿದ್ದರೆ ಅದೇ ಜಾತಿಯ ಎಂಜಿನನ್ನು ಹುಡುಕಿ ಹಾಕು, ಪತ್ರದಲ್ಲಿ ಬರೆಸು, ಹಳೆಯದನ್ನು ಗುಜರಿಗೆ ಹಾಕದೆ ಅಣ್ಣನಿಗೆ ಕೊಡು.

ಹಿರಿಯನಿಗೆ ಬೇರೆ ಒಂದು ಮಾತು ಕಾಗದದಲ್ಲಿ ಬರೆದೆ. ಯಜಮಾನನಿಗೆ ಪ್ರತಿನಿಧಿಯಿಲ್ಲವೆಂಬುದು ಅವನಿಗೆ ಅನ್ವಯಿಸುವ ಮಾತು. ಸ್ಮರಣೆಯ ಫಲ ತನಗೆ ಬೇಕು, ಲೇತಿನ ಖರ್ಚೂ ಗಾಡಿಯಿಲ್ಲದ ತಿಂಗಳುಗಳ ಬಸ್ಸಿನ ಕಾಯುವಿಕೆಯೂ ತಮ್ಮನಿಗಿರಲಿ ಎಂದರೆ ಅದು ತ್ಯಾಗವೆನಿಸದು. ಇದಕ್ಕೆ ಅವನು ಉತ್ತರ ಬರೆಯಲಿಲ್ಲ. ತಮ್ಮನಿಗೆ ಹಣ ಕಳುಹಿಸಿದನಂತೆ.

ಎಂಜಿನು ಈಗ ಹಾಸನದ ಒಂದು ಲೇತಿನಂಗಡಿಯಲ್ಲಿದೆ. ಎರಡು ಸಲ ಬೋರು ಆಗಿದೆ, ಇನ್ನೊಂದಕ್ಕೆ ಎಡೆಯಿದೆಯೆಂದು ಹೇಳಿದರಂತೆ. ಪಿಸ್ಟನ್ನುಗಳಿಗೆ ಬರೆದುಹಾಕಿದ್ದಾರೆ, ಅವು ಬರುವವರೆಗೆ ಕಿರಿಯನು ಬೆಳಗಿನ ಬಸ್ಸಿಗೆ ನಮ್ಮ ಮನೆಯ ಮುಂದೆಯೇ ನಿಲ್ಲುತ್ತಾನೆ.