ಕಪ್ಪು ಪರದೆ ಏನು ಹೇಳ್ತದ?

ಉದಗೀರದ ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಲ್ಲಿ, ತರ್ಕ ಓದಿಕೊಂಡ ಮಾಸ್ತರರಿಗೂ ರಿಪೇರಿಯವನಿಗೂ ನಡೆದ ಮಾತು.

ಮಾಸ್ತರರು: ಬಟನ್ ಒತ್ತಿದ್ರ ಫ್ಯಾನ್ ತಿರುಗ್ತದ, ಪರದೆ ಮಾತ್ರ ಕಪ್ಪು. ಉಮರ್ಗಾ, ನಿಲಂಗಾ ಕಡೆಯ ಗಿರಾಕಿ ‘ಮದರ್‌ಬೋರ್ಡ್ ಹೋಗ್ಯದ’ ಅಂತ ತಾನೇ ತೀರ್ಮಾನ ಮಾಡಿಕೊಂಡು ಬರ್ತಾನ. ತಪ್ಪೇನದ ತಮ್ಮಾ?

ರಿಪೇರಿಯವ: ಪರದೆ ಕಪ್ಪಾದ್ರ ಪರದೆ ತನಕ ಚಿತ್ರ ಬಂದಿಲ್ಲ ಅಂತ ಅಷ್ಟೇ ಗೊತ್ತಾಗ್ತದ ಮಾಸ್ತರ. ಗ್ರಾಫಿಕ್ಸ್ ಕಾರ್ಡ್ ಇದ್ದೂ ಕೇಬಲ್ ಬೋರ್ಡಿನ ಪೋರ್ಟಿಗೆ ಚುಚ್ಚಿದ್ರೂ ಬಹಳ ಸಲ ಹಿಂಗೇ ಆಗ್ತದ. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ ನೋಡ್ರಿ. ಅದರ ದೀಪ ಹತ್ತಿ ಆರಿದ್ರ ಯಂತ್ರ ಒಳಗ ಕೆಲಸ ಮಾಡಾಕತ್ತದ, ತೊಂದರೆ ಚಿತ್ರ ಬರೋ ದಾರಿಯೊಳಗದ. ಫ್ಯಾನ್ ತಿರುಗಿದ್ದೂ ಪೂರಾ ಸಾಕ್ಷಿ ಅಲ್ಲ. ಅದು 12 ವೋಲ್ಟಿನ ಲೈನ್ ಬಂದದ ಅಂತ ಹೇಳ್ತದ, 5, 3.3 ವೋಲ್ಟಿನ ಲೈನುಗಳ ಮಾತು ಬ್ಯಾರೆ, ಪ್ರೊಸೆಸರಿಗೆ ಹೋಗೋ 4 ಇಲ್ಲಾ 8 ಪಿನ್ನಿನ ಕನೆಕ್ಟರಿನ ಮಾತೂ ಬ್ಯಾರೆ.

ಮಾಸ್ತರರು: ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನ, ಅಂದ್ರ ಕಾಣದಿರೋದನ್ನ, ಆರನೇ ಪ್ರಮಾಣ ಅಂತ ಒಪ್ಪಿದ್ರು, ಆದ್ರ ಒಂದು ಕಟ್ಟುಪಾಡು ಹಾಕಿ. ಇದ್ದಿದ್ರ ಕಾಣಲೇಬೇಕಿತ್ತು ಅನ್ನುವಂಥದ್ದು ಕಾಣದಿದ್ದಾಗಷ್ಟೇ ‘ಇಲ್ಲ’ ಅನ್ನಬೇಕು. ಕತ್ತಲಕೋಣೆಯೊಳಗ ಗಡಿಗಿ ಕಾಣ್ಲಿಲ್ಲ ಅಂದ್ರ ಗಡಿಗಿ ಇಲ್ಲ ಅಂತಲ್ಲ. ಆದ್ರ ನೀ ಬೀಪ್ ಸದ್ದು ಕೇಳ್ತೀಯಲ್ಲ, ಅದು ಬರದಿದ್ರ?

ರಿಪೇರಿಯವ: ಅಲ್ಲಿಯೂ ಅದೇ ಕಟ್ಟುಪಾಡು. ಈಗಿನ ಎಷ್ಟೋ ಬೋರ್ಡಿಗೆ ಬೀಪ್ ಮಾಡೋ ಬಜರ್ರೇ ಇರೋದಿಲ್ಲ, ಅದು ಸುಮ್ಮನಿದ್ರ ಏನೂ ತಿಳಿಯಂಗಿಲ್ಲ. ಅದಕ್ಕ ಮೊದಲು ಬಜರ್ ಹಚ್ಚಿ, ಆಮೇಲೆ ರ‍್ಯಾಮ್ ಪೂರಾ ತೆಗೆದು ಚಾಲೂ ಮಾಡ್ತೀನಿ. ಈಗ ಬೀಪ್ ಬಂದ್ರ ಪ್ರೊಸೆಸರ್ ಜೀವಂತ ಅದ, ‘ರ‍್ಯಾಮ್ ಇಲ್ಲ’ ಅಂತ ಅದೇ ದೂರು ಹೇಳ್ತದ. ನಾನೇ ಬೇಕಂತ ಒಂದು ಕೊರತೆ ಮಾಡಿದಾಗ ಮಾತ್ರ ಅದರ ಮೌನಕ್ಕೂ ಅರ್ಥ ಬರ್ತದ.

ಮಾಸ್ತರರು: ಒಂದು ಆಕ್ಷೇಪ. ರ‍್ಯಾಮಿನ ಬಂಗಾರದ ಹಲ್ಲು ರಬ್ಬರಿನಿಂದ ತಿಕ್ಕಿ ಕೂಡಿಸಿದ ಕೂಡಲೇ ಚಿತ್ರ ಬರ್ತದ. ಧೂಳೇ ಕಾರಣ ಅಂತ ಆಗ್ಲಿಲ್ಲೇನು?

ರಿಪೇರಿಯವ: ಆಗ್ಲಿಲ್ಲ. ತಿಕ್ಕೋದಕ್ಕಿಂತ ಮೊದಲು ಪ್ಲಗ್ ಕಿತ್ತಿದ್ದೆ, ಒಳಗಿನ ಚಾರ್ಜ್ ಇಳೀತು, ಕೇಬಲ್ ಅಲ್ಲಾಡಿತು, ರ‍್ಯಾಮ್ ಮತ್ತೊಮ್ಮೆ ಗಟ್ಟಿಯಾಗಿ ಕೂತ್ಕೊಂತು. ಒಂದೊಂದೇ ಬದಲಾಯಿಸಿ, ಹಿಂದಿನ ಸ್ಥಿತಿಗೆ ತಂದು ನೋಡದೆ ಇವುಗಳೊಳಗ ಒಂದನ್ನ ಆರಿಸಾಕ ಆಗಂಗಿಲ್ಲ.

ಮಾಸ್ತರರು: ಅನ್ವಯ, ವ್ಯತಿರೇಕ ಎರಡೂ ಬೇಕು ಅಂತೀ: ಕಾರಣ ಇದ್ರ ಕಾರ್ಯ ಇರಬೇಕು, ಇಲ್ಲದಿದ್ರ ಇರಬಾರದು. ಆದ್ರ ಗಿರಾಕಿಗೆ ಬೇಕಾದದ್ದು ಕಾರಣ ಅಲ್ಲ, ಚಾಲೂ ಆದ ಯಂತ್ರ.

ರಿಪೇರಿಯವ: ಕಾರಣ ಬಿಟ್ರ ರೊಕ್ಕ ಹೋಗೋದು ಅವನದೇ. ಎಸ್‌ಎಂಪಿಎಸ್ (ಕರೆಂಟ್ ಕೊಡೋ ಪೆಟ್ಟಿಗೆ) ಕೆಟ್ಟಿದ್ದಾಗ ಬೋರ್ಡ್ ಬದಲಿಸಿದ್ರ ಹೊಸ ಬೋರ್ಡೂ ಅದೇ ಕೆಟ್ಟ ಕರೆಂಟ್ ತಿಂತದ. ಬಜರ್ ಹಚ್ಚಿ, ರ‍್ಯಾಮ್ ತೆಗೆದು, ಒಳ್ಳೆ ಎಸ್‌ಎಂಪಿಎಸ್ ಕೊಟ್ಟ ಮ್ಯಾಲೂ ಮೌನ ಇದ್ರ ಬೋರ್ಡ್ ಇಲ್ಲಾ ಪ್ರೊಸೆಸರ್. ಅವೆರಡನ್ನ ಬ್ಯಾರೆ ಮಾಡ್ಲಿಕ್ಕೆ ಅದಕ್ಕ ಹೊಂದೋ ಇನ್ನೊಂದು ಪ್ರೊಸೆಸರ್ ಬೇಕು. ಅದು ಸಿಗೋ ತನಕ ‘ಬೋರ್ಡ್ ಹೋಗ್ಯದ’ ಅಂತ ನಾ ಬಿಲ್ಲಿನ ಮ್ಯಾಲ ಬರೆಯಂಗಿಲ್ಲ.