ಲಾಂಛನಸಂಗ್ರಹವೂ ಧರ್ಮಸಂದೇಹವೂ

ಹಳೆಯ ನಾಣ್ಯಗಳನ್ನು ಕೂಡಿಡುವವನನ್ನು, ಅವುಗಳನ್ನು ಟಂಕಿಸಿದ ಅರಸನ ಪಾಪಪುಣ್ಯಗಳ ವಿಷಯವಾಗಿ ಯಾರೂ ಪ್ರಶ್ನಿಸುವುದಿಲ್ಲ. ಆದರೆ ಜರ್ಮನಿಯ ನೌಕಾಸೇನೆಯ ಸಮವಸ್ತ್ರಗಳ ಲಾಂಛನಗಳನ್ನು, ಎಂದರೆ ತೋಳಿನ ಪಟ್ಟಿ, ಟೋಪಿಯ ಸುತ್ತಲಿನ ರಿಬ್ಬನ್ನು, ಎದೆಯ ಪದಕ ಮೊದಲಾದುವನ್ನು ಕೂಡಿಡುವವನು ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರನು. ಅಧರ್ಮದ ಗುರುತನ್ನು ಮನೆಯಲ್ಲಿ ಇಟ್ಟುಕೊಂಡವನಿಗೆ ಅಧರ್ಮದ ಲೇಪವುಂಟೆ?

ಜಲಾಂತರ್ಗಾಮಿ ನೌಕೆಗಳಲ್ಲಿ ದುಡಿದವರಿಗಾಗಿ ಕೈಸರ್ ವಿಲ್‌ಹೆಲ್ಮನು 1918ರಲ್ಲಿ ಒಂದು ಪದಕವನ್ನು ಏರ್ಪಡಿಸಿದನು. ಅದರಲ್ಲಿ ಅಂಡಾಕಾರದ ಪರ್ಣಮಾಲೆ, ನಡುವೆ ನೌಕೆ, ಮೇಲೆ ಕಿರೀಟ. 1939ರಲ್ಲಿ ಆ ಪದಕವು ಮರಳಿ ಬಂದಾಗ ಮಾಲೆಯೂ ನೌಕೆಯೂ ಉಳಿದುವು. ಕಿರೀಟದ ಸ್ಥಾನದಲ್ಲಿ ಸ್ವಸ್ತಿಕವನ್ನು ಹಿಡಿದ ಹದ್ದು ಕುಳಿತಿತು. ಕನ್ನಡಿಗರ ಮನೆಯ ಹೊಸ್ತಿಲಲ್ಲಿ ಮಂಗಳವನ್ನು ಸಾರುವ ಚಿಹ್ನೆಯು ಅಲ್ಲಿ ಸುಮಾರು ಅರುವತ್ತು ಲಕ್ಷ ಯೆಹೂದ್ಯರನ್ನು ಕೊಂದ ಪ್ರಭುತ್ವದ ಗುರುತಾಯಿತು. ಆ ಯುದ್ಧದಲ್ಲಿ ಜಲಾಂತರ್ಗಾಮಿಗಳನ್ನೇರಿದ ಸುಮಾರು 40,000 ಜರ್ಮನರಲ್ಲಿ 30,000ದಷ್ಟು ಮಂದಿ ಮಡಿದರು. ಅವರ ಧೈರ್ಯವನ್ನು ಅಲ್ಲಗಳೆಯಲಾಗದು. ಅವರು ಮುಳುಗಿಸಿದ ಹಡಗುಗಳೊಡನೆ ಸತ್ತವರನ್ನು ಮರೆಯಲೂ ಆಗದು. ಧೈರ್ಯವು ತಾನು ಸೇವಿಸಿದ ಕಾರ್ಯವನ್ನು ಪಾವನಗೊಳಿಸಲಾರದು ಎಂಬುದಕ್ಕೆ, ತಲೆಯಷ್ಟೇ ಬದಲಾದ ಆ ಪದಕವೇ ಸಾಕ್ಷಿ.

ಲೋಹಕ್ಕೆ ಪಾಪವಿಲ್ಲ, ಅದನ್ನು ಇಟ್ಟುಕೊಂಡರೇನು ಎಂದು ಕೆಲವರು ಹೇಳುವರು. ಅಂಥದನ್ನು ಕರಗಿಸಿಬಿಡುವುದೇ ಲೇಸೆಂದು ಮತ್ತೆ ಕೆಲವರು. ಲೋಹವು ನಿರ್ದೋಷಿಯಾದರೆ ಅದಕ್ಕೆ ಇಷ್ಟು ಬೆಲೆಯೇಕೆ? ಅದರ ಹಿಂದಿನ ಕಥೆಗಾಗಿ ಅಲ್ಲವೆ? ಕಥೆಗಾಗಿ ಹಣ ತೆತ್ತವನು ಕಥೆಯ ಹೊಣೆ ತನಗಿಲ್ಲವೆನ್ನುವುದು ನ್ಯಾಯವಲ್ಲ. ಇತ್ತ ಕರಗಿಸಿಬಿಟ್ಟರೆ ಅಪರಾಧವು ಅಳಿಯುವುದಿಲ್ಲ. ಅದರ ಸಾಕ್ಷಿಯು ಅಳಿಯುತ್ತದೆ.

ಈ ವಿಷಯದಲ್ಲಿ ಜರ್ಮನರ ಕಾನೂನೇ ಒಂದು ವಿವೇಕವನ್ನು ತೋರಿಸಿದೆ. ಪಶ್ಚಿಮ ಜರ್ಮನಿಯ 1957ರ ಕಾಯಿದೆಯು ಹಳೆಯ ಯುದ್ಧಪದಕಗಳನ್ನು ಸ್ವಸ್ತಿಕವಿಲ್ಲದ ರೂಪದಲ್ಲಿ ಮಾತ್ರ ಧರಿಸಗೊಟ್ಟಿತು. ಆ ಚಿಹ್ನೆಯನ್ನು ಬಹಿರಂಗವಾಗಿ ಪ್ರದರ್ಶಿಸುವುದು ಅಲ್ಲಿ ಅಪರಾಧವಾದರೂ ಬೋಧನೆ, ಸಂಶೋಧನೆ ಮುಂತಾದುವುಗಳಿಗೆ ವಿನಾಯಿತಿಯುಂಟು. ಧರಿಸುವುದಕ್ಕೆ ಅಳಿಸಬೇಕು, ಕಲಿಸುವುದಕ್ಕೆ ಉಳಿಸಬೇಕು. ವಸ್ತುವೊಂದೇ, ಅದರೊಡನೆ ಮನುಷ್ಯನ ಸಂಬಂಧವು ಬೇರೆ.

ಆದರೆ ಕಲಿಸುವವನು ಪೂರ್ಣವಾಗಿ ಕಲಿಸಬೇಕು. ಕೈಸರನ ಕಾಲದ ನಾವಿಕರ ಟೋಪಿಯ ರಿಬ್ಬನ್ನಿನ ಮೇಲೆ ಹಡಗಿನ ಹೆಸರಿರುತ್ತಿತ್ತು. ‘ಎಂಡೆನ್’ ಎಂಬ ಹೆಸರಿನ ಒಂದು ರಿಬ್ಬನ್ನು ಪೆಟ್ಟಿಗೆಯಲ್ಲಿದೆಯೆಂದು ಭಾವಿಸೋಣ. ಆ ಹಡಗಿನ ನಾಯಕನಾದ ಕಾರ್ಲ್ ಫಾನ್ ಮ್ಯೂಲರನು ಸೆರೆಸಿಕ್ಕವರನ್ನು ಸೌಜನ್ಯದಿಂದ ನಡೆಸಿಕೊಂಡನೆಂದು ಶತ್ರುಗಳೇ ಹೊಗಳಿದರು. ಅದೇ ಹಡಗು 1914ರ ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಮೇಲೆ ಗುಂಡು ಹಾರಿಸಿ ಎಣ್ಣೆಯ ತೊಟ್ಟಿಗಳಿಗೆ ಬೆಂಕಿಯಿಟ್ಟಿತು. ಜನರು ಭಯದಿಂದ ಊರು ಬಿಟ್ಟು ಓಡಿದರು. ಎರಡೂ ನಿಜ. ಮೊದಲನೆಯದನ್ನು ಮಾತ್ರ ಹೇಳುವ ಸಂಗ್ರಾಹಕನು ಅರ್ಧ ರಿಬ್ಬನ್ನನ್ನು ಕತ್ತರಿಸಿ ಎಸೆದವನಿಗೆ ಸಮಾನನು.

ನಕಲಿ ಪದಕಗಳು ಹೇರಳವಾಗಿರುವುದರಿಂದ ಸಂಗ್ರಾಹಕನು ಭೂತಗನ್ನಡಿ ಹಿಡಿದು, ಹಿಂದಿನ ಸೂಜಿಯನ್ನೂ ತಯಾರಕನ ಮುದ್ರೆಯನ್ನೂ ಗಂಟೆಗಟ್ಟಲೆ ಪರೀಕ್ಷಿಸುತ್ತಾನೆ. ವಸ್ತುವಿನ ಸತ್ಯಕ್ಕೆ ಇಷ್ಟು ಶ್ರಮ ಪಡುವವನು ಅದು ಸಾರುವ ಮಾತಿನ ಸತ್ಯಾಸತ್ಯತೆಗೆ ಅಷ್ಟೇ ಶ್ರಮ ಪಟ್ಟರೆ ಅವನ ಪೆಟ್ಟಿಗೆಯು ಇತಿಹಾಸದ ಪಾಠಶಾಲೆಯಾಗುತ್ತದೆ. ಪಡದಿದ್ದರೆ, ತೊಡದೆಯೂ ಅವನು ಆ ಸಮವಸ್ತ್ರವನ್ನು ತೊಟ್ಟವನೇ.