ಕುಂಬಾರನ ಕತ್ತೆಯೂ ಮಹಾ ಮುಗ್ಗಟ್ಟೂ

ಅಮೆರಿಕದಲ್ಲಿ 1929ರಲ್ಲಿ ಶುರುವಾದ ಮಹಾ ಆರ್ಥಿಕ ಮುಗ್ಗಟ್ಟಿನ ಬಗ್ಗೆ ಎರಡು ಕಥೆಗಳು ಇಂದಿಗೂ ಚಲಾವಣೆಯಲ್ಲಿವೆ. ಅಧ್ಯಕ್ಷ ಹರ್ಬರ್ಟ್ ಹೂವರ್ ಕೈಕಟ್ಟಿ ಕೂತರು, 1933ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಬಂದು ಸರ್ಕಾರದ ಹಣ ಸುರಿದು ದೇಶವನ್ನು ಮೇಲೆತ್ತಿದರು, ಉಳಿದದ್ದನ್ನು ಎರಡನೇ ಮಹಾಯುದ್ಧ ಪೂರೈಸಿತು ಎಂಬುದು ಮೊದಲನೆಯದು. ಎರಡನೆಯದು ಇದಕ್ಕೆ ತೀರ ವಿರುದ್ಧ: ತಾನಾಗಿಯೇ ಎರಡು ವರ್ಷದಲ್ಲಿ ಸರಿಹೋಗುತ್ತಿದ್ದದ್ದನ್ನು ಸರ್ಕಾರ ಕೈಹಾಕಿ ಹತ್ತು ವರ್ಷ ಎಳೆಯಿತು. ಎರಡನ್ನೂ ನಂಬುವವರಲ್ಲಿ ಓದಿದವರಿದ್ದಾರೆ, ಪ್ರಾಮಾಣಿಕರಿದ್ದಾರೆ. ಇಬ್ಬರ ಮುಂದಿರುವ ಅಂಕಿಅಂಶಗಳೂ ಹೆಚ್ಚುಕಡಿಮೆ ಒಂದೇ. ಆದರೂ ಯಾವ ಕಥೆಯೂ ಸೋಲುವುದಿಲ್ಲ.

ಇದಕ್ಕೆ ಪಕ್ಷಪಾತ ಕಾರಣ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ತೊಡಕು ಅದಕ್ಕಿಂತ ಆಳದಲ್ಲಿದೆ. ಒಂದು ಇನ್ನೊಂದಕ್ಕೆ ಕಾರಣ ಎಂದು ನಾವು ಯಾವ ಆಧಾರದ ಮೇಲೆ ಹೇಳುತ್ತೇವೆ ಎಂಬ ಹಳೆಯ ಪ್ರಶ್ನೆ ಅದು.

ನಮ್ಮ ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು, ಈ ಪ್ರಶ್ನೆಯನ್ನು ಒಂದು ಗಡಿಗೆ ಇಟ್ಟುಕೊಂಡು ಚರ್ಚಿಸಿದರು. ಗಡಿಗೆಗೆ ಕುಂಬಾರ ಕಾರಣ, ಮಣ್ಣು ಕಾರಣ, ತಿಗರಿ ಕಾರಣ. ಮಣ್ಣು ಹೊತ್ತು ತಂದ ಕತ್ತೆ? ಅದೂ ಗಡಿಗೆ ಹುಟ್ಟುವ ಮುಂಚೆ ಅಲ್ಲೇ ನಿಂತಿತ್ತು. ಆದರೂ ಅದನ್ನು ಕಾರಣವೆನ್ನಲು ಬರುವುದಿಲ್ಲ, ಕತ್ತೆಯಿಲ್ಲದೆಯೂ ಗಡಿಗೆ ಆಗುತ್ತದೆ. ಹೀಗೆ ಮುಂಚೆ ಇದ್ದೂ ಕಾರಣವಲ್ಲದ್ದನ್ನು ಅವರು 'ಅನ್ಯಥಾಸಿದ್ಧ' ಎಂದು ಕರೆದು ಬದಿಗಿಟ್ಟರು. ಕಾರಣವನ್ನು ಗುರುತಿಸಲು ಎರಡು ಪರೀಕ್ಷೆಗಳನ್ನು ಕೊಟ್ಟರು. ಅದಿದ್ದಾಗ ಇದಿರುವುದು ಅನ್ವಯ, ಅದಿಲ್ಲದಾಗ ಇದೂ ಇಲ್ಲದಿರುವುದು ವ್ಯತಿರೇಕ. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಕೂಡ 1748ರಲ್ಲಿ ಕಾರಣದ ಲಕ್ಷಣ ಹೇಳುವಾಗ ಈ ಎರಡನೆಯ ಪರೀಕ್ಷೆಯ ಹತ್ತಿರಕ್ಕೇ ಬಂದ.

ಕುಂಬಾರನ ಮನೆಯಲ್ಲಿ ವ್ಯತಿರೇಕ ಕಷ್ಟವಲ್ಲ. ನಾಳೆ ಕತ್ತೆಯನ್ನು ಮೇಯಲು ಬಿಟ್ಟು ಇನ್ನೊಂದು ಗಡಿಗೆ ಮಾಡಿ ನೋಡಬಹುದು. 1933 ಮಾತ್ರ ಒಂದೇ ಸಲ ಬಂತು. ರೂಸ್‌ವೆಲ್ಟ್ ಅಧ್ಯಕ್ಷರಾಗದ 1933 ಎಂಬುದು ಎಲ್ಲೂ ಇಲ್ಲ. ವ್ಯತಿರೇಕದ ಜಾಗ ಖಾಲಿಯಾಗಿಯೇ ಉಳಿಯುತ್ತದೆ. ಆ ಜಾಗವನ್ನು ಪ್ರತಿಯೊಬ್ಬರೂ ತಾವು ಮೊದಲೇ ನಂಬಿದ್ದರಿಂದ ತುಂಬಿಕೊಳ್ಳುತ್ತಾರೆ. ತುಂಬಿದ್ದು ತಾವೇ ಎಂಬುದು ಬೇಗ ಮರೆತುಹೋಗುತ್ತದೆ.

ಇದು ಕಣ್ಣೆದುರೇ ನಡೆದದ್ದು 2009ರಲ್ಲಿ, ಅಮೆರಿಕ ಮತ್ತೊಂದು ಮುಗ್ಗಟ್ಟಿನಲ್ಲಿದ್ದಾಗ. ಅಧ್ಯಕ್ಷರಾಗಿ ಆಯ್ಕೆಯಾಗಿದ್ದ ಬರಾಕ್ ಒಬಾಮಾ ಅವರ ಅರ್ಥಶಾಸ್ತ್ರಜ್ಞರು ಆ ಜನವರಿಯಲ್ಲಿ ಒಂದು ಲೆಕ್ಕ ಮುಂದಿಟ್ಟರು: ಸರ್ಕಾರ ದೊಡ್ಡ ಮೊತ್ತ ಖರ್ಚು ಮಾಡಿದರೆ ನಿರುದ್ಯೋಗ ಶೇ. 8ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಮಾಡದಿದ್ದರೆ ಶೇ. 9ರ ಆಸುಪಾಸಿಗೆ ಏರುತ್ತದೆ. 787 ಶತಕೋಟಿ ಡಾಲರಿನ ಯೋಜನೆ ಜಾರಿಗೆ ಬಂತು. ಅಕ್ಟೋಬರಿನಲ್ಲಿ ನಿರುದ್ಯೋಗ ಶೇ. 10 ಮುಟ್ಟಿತು. ಯೋಜನೆ ಸೋತಿತು ಎಂದರು ವಿರೋಧಿಗಳು. ಮುಗ್ಗಟ್ಟು ನಾವೆಣಿಸಿದ್ದಕ್ಕಿಂತ ಭೀಕರವಾಗಿತ್ತು, ಯೋಜನೆ ಇಲ್ಲದಿದ್ದರೆ ಇನ್ನೂ ಕೆಡುತ್ತಿತ್ತು ಎಂದರು ಬೆಂಬಲಿಗರು. ಅದೇ ಒಂದು ಅಂಕಿ ಎರಡೂ ಕಡೆಯವರ ನಂಬಿಕೆಯನ್ನು ಗಟ್ಟಿ ಮಾಡಿತು.

ವ್ಯತಿರೇಕವಿಲ್ಲದ ಕಡೆ ಮುಂಚೆ ನಡೆದದ್ದೆಲ್ಲ ಕಾರಣದ ವೇಷ ಹಾಕಿಕೊಂಡು ಬರುತ್ತದೆ. 1937ನ್ನೇ ನೋಡಿ. ನಾಲ್ಕು ವರ್ಷ ಚೇತರಿಸಿಕೊಂಡಿದ್ದ ಅಮೆರಿಕ ಆ ವರ್ಷ ಮತ್ತೆ ಮುಗ್ಗರಿಸಿತು, ನಿರುದ್ಯೋಗ ಸುಮಾರು ಶೇ. 14ರಿಂದ 19ಕ್ಕೆ ಜಿಗಿಯಿತು. ಅದಕ್ಕೆ ಮುಂಚೆ ಏನೇನು ನಡೆದಿತ್ತು? ರೂಸ್‌ವೆಲ್ಟ್ ಖರ್ಚಿಗೆ ಕತ್ತರಿ ಹಾಕಿದ್ದರು. ಬ್ಯಾಂಕುಗಳು ಕಡ್ಡಾಯವಾಗಿ ತೆಗೆದಿಡಬೇಕಾದ ಮೀಸಲು ಹಣವನ್ನು ದೇಶದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ದುಪ್ಪಟ್ಟು ಮಾಡಿತ್ತು. ಹೊರಗಿನಿಂದ ಬರುತ್ತಿದ್ದ ಚಿನ್ನ ಚಲಾವಣೆಯ ಹಣವಾಗದಂತೆ ಖಜಾನೆ ತಡೆದಿತ್ತು. ಸಾಮಾಜಿಕ ಭದ್ರತೆಯ ಹೊಸ ತೆರಿಗೆಯ ವಸೂಲಿ ಶುರುವಾಗಿತ್ತು. ಕಾರ್ಮಿಕ ಸಂಘಗಳಿಗೆ ಕಾನೂನಿನ ಬಲ ಸಿಕ್ಕಿತ್ತು. ಸರ್ಕಾರಿ ಖರ್ಚೇ ಮದ್ದು ಎಂದಿದ್ದ ಅರ್ಥಶಾಸ್ತ್ರಜ್ಞ ಕೇನ್ಸ್‌ನ ಅನುಯಾಯಿಗಳು ಮೊದಲನೆಯದನ್ನು ಹಿಡಿದರು, ಹಣದ ಪ್ರಮಾಣವೇ ಮುಖ್ಯವೆಂದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಎರಡನೆಯದನ್ನು, ಉದ್ಯಮಿಗಳ ಪರವಾದವರು ಕೊನೆಯ ಎರಡನ್ನು. ಯಾವುದು ತಿಗರಿ, ಯಾವುದು ಕತ್ತೆ ಎಂದು 1937 ಒಂದನ್ನೇ ನೋಡಿ ಹೇಳಲು ಸಾಧ್ಯವಿಲ್ಲ. ಅಂಕಿ ಕೂಡ ಅಷ್ಟು ಮುಗ್ಧವಲ್ಲ. ಸರ್ಕಾರದ ಪರಿಹಾರ ಕಾಮಗಾರಿಗಳಲ್ಲಿ ದುಡಿಯುತ್ತಿದ್ದವರನ್ನು ಉದ್ಯೋಗಸ್ಥರೆಂದು ಎಣಿಸಿದರೆ 1938ರ ಶೇ. 19 ಎಂಬುದು ಶೇ. 12.5ಕ್ಕೆ ಇಳಿಯುತ್ತದೆ.

ಎರಡು ಕಥೆಗಳಲ್ಲಿ ಮೊದಲನೆಯದೇ ಹೆಚ್ಚು ಜನಪ್ರಿಯವಾದದ್ದಕ್ಕೆ ಬೇರೆ ಕಾರಣವಿದೆ: ಅದಕ್ಕೆ ಮುಖವಿದೆ. 1935ರಿಂದ 1943ರವರೆಗೆ ಸುಮಾರು 85 ಲಕ್ಷ ಜನ ಸರ್ಕಾರದ ಕಾಮಗಾರಿಗಳಲ್ಲಿ ಕೂಲಿ ಪಡೆದರು. ಅವರು ಕಟ್ಟಿದ ಶಾಲೆ, ಸೇತುವೆಗಳು ಇಂದಿಗೂ ನಿಂತಿವೆ. ಹಸಿದ ಮನೆಗೆ ಆ ಕೂಲಿ ಎಂಥ ಆಸರೆ ಎಂಬುದಕ್ಕೆ ಯಾವ ಸಿದ್ಧಾಂತವೂ ಬೇಕಿಲ್ಲ, ಅದನ್ನು ಹಗುರವಾಗಿ ಕಾಣುವವರ ಜೊತೆ ನಾನಿಲ್ಲ. ಆದರೆ ಕೂಲಿ ಸಿಕ್ಕಿತು ಎಂಬುದು ಒಂದು ಮಾತು, ಮುಗ್ಗಟ್ಟು ಅದರಿಂದಲೇ ಮುಗಿಯಿತು ಎಂಬುದು ಬೇರೆ ಮಾತು. ಕಣ್ಣಿಗೆ ಕಾಣದ ಇನ್ನೊಂದು ಬದಲಾವಣೆಯೂ ನಡೆದಿತ್ತು: 1929 ಮತ್ತು 1933ರ ನಡುವೆ ಬ್ಯಾಂಕ್ ಠೇವಣಿಗಳೂ ಸೇರಿದ ದೇಶದ ಒಟ್ಟು ಹಣ ಮೂರನೇ ಒಂದು ಭಾಗ ಕರಗಿತ್ತು. 1934ರಲ್ಲಿ ಚಿನ್ನದ ಸರ್ಕಾರಿ ಬೆಲೆ ಔನ್ಸಿಗೆ 20.67 ಡಾಲರಿನಿಂದ 35ಕ್ಕೆ ಏರಿತು, ಆಮೇಲೆ ಯುರೋಪಿನ ಚಿನ್ನ ಅಮೆರಿಕಕ್ಕೆ ಹರಿದು ಹಣ ಮತ್ತೆ ಹಿಗ್ಗಿತು. ಇದನ್ನು ಯಾರೂ ಕಣ್ಣಾರೆ ಕಾಣಲಿಲ್ಲ. ಫ್ರೀಡ್‌ಮನ್ ಮತ್ತು ಆನಾ ಶ್ವಾರ್ಟ್ಸ್ 1963ರ ತಮ್ಮ ಗ್ರಂಥದಲ್ಲಿ ಹಣದ ಆ ಕುಸಿತವನ್ನು ಮುಖ್ಯ ವಿಷಯವಾಗಿಸುವ ಹೊತ್ತಿಗೆ ಜನಮನದ ಕಥೆ ಗಟ್ಟಿಯಾಗಿಬಿಟ್ಟಿತ್ತು. ಹೂವರ್ ಕೈಕಟ್ಟಿ ಕೂತಿರಲಿಲ್ಲ, 1932ರಲ್ಲಿ ಬ್ಯಾಂಕು, ರೈಲ್ವೆಗಳಿಗೆ ಸಾಲ ಕೊಡುವ ಸರ್ಕಾರಿ ಸಂಸ್ಥೆ ಕಟ್ಟಿದರು. ಅದೇ ವರ್ಷದ ಚುನಾವಣೆಯಲ್ಲಿ ಸರ್ಕಾರದ ಖರ್ಚನ್ನು ಶೇ. 25ರಷ್ಟು ಕಡಿತ ಮಾಡುತ್ತೇನೆಂದು ಮಾತುಕೊಟ್ಟವರು ರೂಸ್‌ವೆಲ್ಟ್. ಕಥೆಗೆ ಒಗ್ಗದ ಇಂಥವು ಕಥೆಯಿಂದ ಉದುರಿಹೋದವು.

ಹಾಗಾದರೆ ಏನನ್ನೂ ತಿಳಿಯಲು ಸಾಧ್ಯವಿಲ್ಲವೇ? ಇಲ್ಲಿ ನಿರಾಶೆಗೆ ಜಾಗವಿಲ್ಲ. ಪ್ರಶ್ನೆಯನ್ನು ಚಿಕ್ಕದು ಮಾಡಿಕೊಂಡರೆ ಚರಿತ್ರೆ ಕೆಲವೊಮ್ಮೆ ತಾನೇ ವ್ಯತಿರೇಕವನ್ನು ಒದಗಿಸುತ್ತದೆ. ಮಿಸಿಸಿಪ್ಪಿ ರಾಜ್ಯದ ದಕ್ಷಿಣಾರ್ಧ ಅಟ್ಲಾಂಟಾದ ಫೆಡರಲ್ ರಿಸರ್ವ್ ಪ್ರಾದೇಶಿಕ ಬ್ಯಾಂಕಿನ ಕೆಳಗಿತ್ತು, ಉತ್ತರಾರ್ಧ ಸೇಂಟ್ ಲೂಯಿಸ್‌ನದರ ಕೆಳಗೆ. ರಾಜ್ಯ ಒಂದೇ, ಕಾನೂನು ಒಂದೇ, ಬೇಸಾಯವೂ ಬಹುಮಟ್ಟಿಗೆ ಒಂದೇ. 1930ರ ನವೆಂಬರಿನಲ್ಲಿ ನೆರೆಯ ಟೆನೆಸ್ಸಿಯ ದೊಡ್ಡ ಹಣಕಾಸು ಸಂಸ್ಥೆಯೊಂದು ಬಿದ್ದಾಗ ಮಿಸಿಸಿಪ್ಪಿಯ ಠೇವಣಿದಾರರು ಬ್ಯಾಂಕುಗಳಿಗೆ ಮುಗಿಬಿದ್ದರು. ಅಟ್ಲಾಂಟಾ ತನ್ನ ಬ್ಯಾಂಕುಗಳಿಗೆ ಕೈಬಿಚ್ಚಿ ಸಾಲ ಕೊಟ್ಟಿತು. ಮುಗ್ಗಟ್ಟಿನಲ್ಲಿ ಸಾಲ ಕುಗ್ಗಬೇಕು ಎಂದು ನಂಬಿದ್ದ ಸೇಂಟ್ ಲೂಯಿಸ್ ಕೊಡಲಿಲ್ಲ. 1930ರ ಜುಲೈಯಲ್ಲಿ ದಕ್ಷಿಣದಲ್ಲಿ 135 ಬ್ಯಾಂಕುಗಳಿದ್ದವು, ಉತ್ತರದಲ್ಲಿ 165. ಒಂದು ವರ್ಷದ ಮೇಲೆ ದಕ್ಷಿಣದಲ್ಲಿ 121 ಉಳಿದವು, ಉತ್ತರದಲ್ಲಿ 132. 1931ರ ನಡುವಿನಲ್ಲಿ ಸೇಂಟ್ ಲೂಯಿಸ್ ಕೂಡ ಸಾಲ ಕೊಡಲು ಶುರುಮಾಡಿತು. ಆಮೇಲೆ ಎರಡು ಭಾಗಗಳ ನಡುವೆ ಅಂಥ ಅಂತರ ಉಳಿಯಲಿಲ್ಲ. ಅನ್ವಯವೂ ಇದೆ, ವ್ಯತಿರೇಕವೂ ಇದೆ.

ದೇಶಗಳ ಮಟ್ಟದಲ್ಲೂ ಇಂಥದೊಂದು ಹೋಲಿಕೆ ಸಿಗುತ್ತದೆ, ಇಷ್ಟು ನಿಖರವಲ್ಲದಿದ್ದರೂ. ನಾಣ್ಯವನ್ನು, ಹಣದ ಪ್ರಮಾಣಕ್ಕೆ ಮಿತಿ ಹಾಕುವ ಚಿನ್ನದ ಕಟ್ಟಿನಿಂದ 1931ರಲ್ಲೇ ಬಿಡಿಸಿಕೊಂಡ ಬ್ರಿಟನ್ನಿನಂಥ ದೇಶಗಳು ಬೇಗ ಚೇತರಿಸಿಕೊಂಡವು, 1936ರವರೆಗೆ ಹಿಡಿದುಕೊಂಡ ಫ್ರಾನ್ಸ್ ತಡವಾಗಿ.

ಈ ಎರಡು ಸಾಕ್ಷ್ಯಗಳು ಎರಡೂ ಜನಪ್ರಿಯ ಕಥೆಗಳಿಗೆ ಪೆಟ್ಟು ಕೊಡುತ್ತವೆ ಎಂದು ನನ್ನ ಭಾವನೆ. ಸುಮ್ಮನಿದ್ದಿದ್ದರೆ ಸರಿಹೋಗುತ್ತಿತ್ತು ಎನ್ನುವವರು ಉತ್ತರ ಮಿಸಿಸಿಪ್ಪಿಯ ಮುಚ್ಚಿದ ಬ್ಯಾಂಕುಗಳಿಗೆ ಉತ್ತರ ಕೊಡಬೇಕು. ಸರ್ಕಾರ ಉಳಿಸಿತು ಎನ್ನುವವರು, ಹಾಗೆ ಕೈಬಿಟ್ಟದ್ದೂ ಕಾಯಿದೆಯಿಂದ ಹುಟ್ಟಿದ ಸಾರ್ವಜನಿಕ ಸಂಸ್ಥೆಯೇ ಎಂಬುದನ್ನು ಒಪ್ಪಬೇಕು. 'ಸರ್ಕಾರ' ಎಂಬುದು ಒಂದೇ ಕಾರಣವಾಗಿ ಎಲ್ಲೂ ಕೆಲಸ ಮಾಡಲಿಲ್ಲ. 1933ರಲ್ಲಿ ಬ್ಯಾಂಕುಗಳ ಮೇಲೆ ಜನರ ನಂಬಿಕೆಯನ್ನು ಮರಳಿ ತಂದ ಆಡಳಿತವೇ, ಉದ್ಯಮಗಳು ಕೂಡಿಕೊಂಡು ಬೆಲೆ ಕಟ್ಟಲು ಅವಕಾಶ ಕೊಟ್ಟ ಕಾಯಿದೆಯನ್ನೂ ತಂದಿತು. ಆ ಕಾಯಿದೆಯನ್ನು ಸುಪ್ರೀಂ ಕೋರ್ಟ್ 1935ರಲ್ಲಿ ರದ್ದುಮಾಡಿತು.

ಆರ್ಥಿಕತೆಗೆ ಸರ್ಕಾರ ದಾರಿ ತೋರಬೇಕೆಂಬ ಆ ದಶಕದ ಚಿಂತನೆ ನಮ್ಮಲ್ಲಿಗೂ ಬಂತು. ಮೈಸೂರಿನ ಮಾಜಿ ದಿವಾನ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ವಾದಿಸಿದ ಪುಸ್ತಕ ಹೊರಬಂದದ್ದು 1934ರಲ್ಲಿ. ಸರ್ಕಾರ ಆರ್ಥಿಕತೆಯನ್ನು ಉಳಿಸಿತು ಅಥವಾ ಕೆಡಿಸಿತು ಎಂಬ ಮಾತು ಇಂದಿಗೂ ಪ್ರತಿ ಬಜೆಟ್ಟಿನ ಹೊತ್ತಿಗೆ ಕೇಳುತ್ತದೆ. ಹಾಗೆ ಹೇಳುವವರನ್ನು, ಅವರು ನಿಮ್ಮ ಪಕ್ಷದವರೇ ಆಗಿದ್ದರೂ, ಕೇಳಿ: ಯಾವ ಕ್ರಮ? ಅದು ಇಲ್ಲದಿದ್ದ ಕಡೆ ಏನಾಯಿತು?